ಕಾರ್ಡ್ ಮುಗಿಯುವುದು ಹದಿನಾರಕ್ಕೆ

ಡಿಸೆಂಬರ್ 18, ಬುಧವಾರ – ವಾಗೆ

ಕೋಳಿ ಬೇಯಲು ಇಟ್ಟಾಯಿತು. ಸಾರಿನ ಅಂಗಡಿ ತೆರೆಯುವ ಹಾಗಿಲ್ಲ, ಆದರೆ ಕೈ ಕೇಳಬೇಕಲ್ಲ. ಎದ್ದ ಕೂಡಲೇ ಒಲೆ ಹಚ್ಚಿಬಿಟ್ಟಿತು. ಯಜಮಾನರು ಹೋಗಿ ಇವತ್ತಿಗೆ ಐದು ದಿನ, ಕ್ಲಿವೊನ್‌ನಿಂದ ವಾಗೆಗೆ ನಮ್ಮ ಜಾವಾ ವಾರದ ಒಂದು ಸುತ್ತು. ಇಷ್ಟು ಸಾರು ಯಾರು ಕುಡಿಯಬೇಕೋ.

ನಿನ್ನೆ ಸಂಜೆ ಸುಮಿ ಬಂದಳು. ಹಾಲೆಂಡಿನಿಂದ. ಮಣ್ಣು ಸಿಗಲಿಲ್ಲ, ಮೂರನೇ ದಿನದ ಊಟವೂ ಸಿಗಲಿಲ್ಲ. ನಮ್ಮಲ್ಲಿ ಹೆಣ ಕಾಯಿಸುವುದಿಲ್ಲ, ಶನಿವಾರ ಹೋದವರನ್ನು ಶನಿವಾರವೇ ಕಳಿಸಿದ್ದು. ಬಂದವಳು ಚೀಲ ಕೂಡ ಕೆಳಗಿಡದೆ ಫೋನ್ ತೋರಿಸಿದಳು, ತಡವಾಗಿದ್ದಕ್ಕೆ ಸಾಕ್ಷಿ ಕೊಡುವವಳಂತೆ.

"ಈ ದೇಶಕ್ಕೆ ಬರೋಕೆ ಈ ಕಾರ್ಡ್ ಇಲ್ದೆ ವಿಮಾನ ಹತ್ತಿಸಲ್ಲ ಚಿಕ್ಕಮ್ಮ. ಫೋನಿನಲ್ಲೇ ಕೊಂಡ್ಕೊಬೇಕು. ದುಡ್ಡು ಕಟ್ಟಿದ್ದು ಮೊದಲ್ನೇ ಸಲ ಹೋಗ್ಲೇ ಇಲ್ಲ. ಎರಡನೇ ದಿನ ಬಂತು."

"ಏನು ಬರ್ದಿದೆ ಅದ್ರಲ್ಲಿ?"

"ಹೆಸರು, ಪಾಸ್‌ಪೋರ್ಟ್ ನಂಬರು. ಯಾಕೆ ಬರ್ತಿದ್ದೀರಿ ಅಂತ ಕೇಳ್ತು. ಪ್ರವಾಸ ಅಂತ ಒತ್ತಿದೆ. ಸಾವು ಅಂತ ಇರ್ಲಿಲ್ಲ."

ಅಂತೂ ಮೂರು ತಿಂಗಳ ಪ್ರವಾಸಿ. ಹುಟ್ಟಿದ್ದು ಈ ಮನೆಯ ಹಿಂದಿನ ಕೋಣೆಯಲ್ಲಿ. ನನ್ನ ಹೊಟ್ಟೆಯಿಂದ.

ಡಿಸೆಂಬರ್ 20, ಶುಕ್ರವಾರ – ಲೆಗಿ

ಏಳರ ಊಟ ಆಯಿತು. ಊರಿನ ಗಂಡಸರೆಲ್ಲ ಚಾಪೆಯ ಮೇಲೆ ಸುತ್ತ ಕೂತರು. ಪ್ರಾರ್ಥನೆ ನಡೆಸುವ ಪಾ ಕಸಾನ್ ವಾಡಿಕೆಯಂತೆ ಎಲ್ಲರ ಮುಂದೆ ಕೇಳಿದರು, "ಇವತ್ತಿನ ಊಟ ಯಾರ ಹೆಸರಲ್ಲಿ?" ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ, "ನನ್ನ ಹೆಸರಲ್ಲಿ." ಹಾಗೇ ಸಾರಿದರು – ಹೆಂಡತಿ ಪೊನಿರಾ ತನ್ನ ಗಂಡ ವಗಿಮಿನ್‌ಗಾಗಿ ಇಡುತ್ತಿರುವ ಊಟ, ಎಂದು. ಮಕ್ಕಳಿದ್ದರೆ ಮಕ್ಕಳ ಹೆಸರೂ ಹೇಳುತ್ತಾರೆ.

ಸುಮಿ ಪಾತ್ರೆ ತೊಳೆಯುವ ಹೆಂಗಸರ ನಡುವೆ ಕೂತಿದ್ದಳು. ತಲೆ ಎತ್ತಲಿಲ್ಲ.

ಜನವರಿ 3, ಶುಕ್ರವಾರ – ಕ್ಲಿವೊನ್

ನಿದ್ದೆ ಇಲ್ಲ. ಬರೆದರೆ ಬಂದೀತು.

ನಮ್ಮಕ್ಕ ಸರಿನೆಮ್‌ಗೆ ಮಕ್ಕಳಾಗಲಿಲ್ಲ. ತಂಗಿಯ ಮಗುವನ್ನು ಕರೆದುಕೊಂಡು ಸಾಕಿದರೆ ಅದರ ಕಾಲ್ಗುಣಕ್ಕೆ ಸ್ವಂತದ್ದೂ ಹುಟ್ಟುತ್ತದೆ ಎಂದು, ಅಜ್ಜಂದಿರ ಕಾಲದಲ್ಲಿ ಹಡಗು ಹತ್ತಿ ಈ ದೇಶಕ್ಕೆ ಬಂದ ನಮ್ಮ ಜಾವಾ ಜನರ ನಂಬಿಕೆ. ಅಮ್ಮ ಬಂದು ಕೇಳಿದಳು. "ನಿಂಗೇನು, ಹತ್ತೊಂಬತ್ತು ವರ್ಷ. ಇನ್ನೂ ನಾಲ್ಕು ಹೆರ್ತೀಯ." ಕೊಟ್ಟೆ. ಸುಮಿಗೆ ಆಗ ಎರಡು ವರ್ಷ. ಹಾಲೆಂಡಿಗೆ ಹೋಗಲು ಆಗ ವೀಸಾ ಬೇಕಿರಲಿಲ್ಲ, ಅಕ್ಕ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದಳು.

ಅಕ್ಕನಿಗೆ ಆಮೇಲೂ ಆಗಲಿಲ್ಲ. ನನಗೂ ಆಗಲಿಲ್ಲ.

ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಊರಿಗೆಲ್ಲ ಗೊತ್ತು, ಸುಮಿಗೂ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದೂ ಚಿಕ್ಕಮ್ಮ. ಸಾಕಿದವಳ ಮನಸ್ಸು ನೋಯಬಾರದು, ಅದೇ ಪದ್ಧತಿ. ಯಾರಾದರೂ ಕೇಳಿದರೆ ನಾನೂ ಅಕ್ಕನ ಮಗಳು ಎಂದೇ ಹೇಳುತ್ತ ಬಂದೆ. ಅಕ್ಕ ಹೋಗಿ ಎರಡು ವರ್ಷವಾಯಿತು. ಈಗ ಯಾರ ಮನಸ್ಸು ನೋಯುತ್ತದೆ? ಆದರೂ ಚಿಕ್ಕಮ್ಮ. ಆದರೂ ನೀವು, ಬನ್ನಿ, ಹೋಗಿ. ಮೇಷ್ಟರ ಹತ್ತಿರ ಮಾತಾಡಿದ ಹಾಗೆ.

ಜನವರಿ 22, ಬುಧವಾರ – ವಾಗೆ

ನಿನ್ನೆ ಸಂಜೆ ನಲವತ್ತರ ಊಟ. ಮತ್ತೆ ನನ್ನ ಹೆಸರೊಂದೇ. ಎಲ್ಲ ಹೋದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಸುಮಿ ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ಉಜ್ಜುತ್ತಲೇ ಕೇಳಿದಳು.

"ಮಕ್ಕಳ ಹೆಸರು ಹೇಳೋದಿಲ್ವಾ ಅವರು?"

"ಇದ್ರೆ ಹೇಳ್ತಾರೆ."

ತುಂಬ ಹೊತ್ತು ಉಜ್ಜಿದಳು. ಆ ಪಾತ್ರೆ ಅಷ್ಟು ಬೆಳ್ಳಗೆ ಯಾವತ್ತೂ ಆಗಿರಲಿಲ್ಲ.

"ನೂರರ ಊಟಕ್ಕೆ ನನ್ನ ಹೆಸರೂ ಹೇಳಿಸ್ತೀರಾ? ಮಗಳು ಅಂತ."

"ನೋಡೋಣ" ಅಂದೆ. ನೋಡೋಣವಂತೆ! ಕುಣಿಯಬೇಕಿತ್ತು ನಾನು. ಒಳಗೆ ಬಂದು ದೀಪ ಹಚ್ಚದೆ ಕೂತು ಅತ್ತೆ. ಈ ನಲವತ್ತು ದಿನದಲ್ಲಿ ಗಂಡನಿಗಾಗಿಯೂ ಹೀಗೆ ಅತ್ತಿರಲಿಲ್ಲ.

ಫೆಬ್ರವರಿ 9, ಭಾನುವಾರ – ಪಾಹಿಂಗ್

ಅಂಗಡಿ ತೆರೆದು ಎರಡು ವಾರ. ಸಾರು ನಾನು, ಮರಗೆಣಸು ಕರಿಯುವುದು ಸುಮಿ. ಬೆಳ್ಳುಳ್ಳಿ ಸುಟ್ಟಳು. ಮತ್ತೆ ಸುಟ್ಟಳು. ಗಿರಾಕಿಗಳು ತಿಂದರು, ಪಾಪ.

ಪಕ್ಕದ ಮನೆಯ ಹಿಂದೂಸ್ತಾನಿ ದುಲಾರಿ ಬೇಲಿಯ ಆಚೆಯಿಂದ ಕೂಗಿದಳು, "ಪೊನಿರಾ, ಇಬ್ರೂ ಸೊಂಟದ ಮೇಲೆ ಕೈ ಇಟ್ಕೊಂಡು ಒಂದೇ ಥರ ನಿಂತಿದ್ದೀರಲ್ಲೇ! ಅಂಗಡಿಗೆ ಎರಡು ಹಿಡಿ ಇರೋ ಹೂಜಿ ಇಟ್ಟ ಹಾಗಿದೆ!"

ನಾನು ತಕ್ಷಣ ಕೈ ತೆಗೆದೆ. ಸುಮಿ ತೆಗೆಯಲಿಲ್ಲ. ನನ್ನನ್ನೇ ನೋಡಿ ನಗುತ್ತಿದ್ದಳು.

ಇಂಥ ದಿನವೂ ಇರುತ್ತದೆ ಎಂದು ಬರೆದಿಡಬೇಕು ಅನ್ನಿಸಿತು.

ಫೆಬ್ರವರಿ 24, ಸೋಮವಾರ – ಪಾಹಿಂಗ್

ಕಾರ್ಡ್ ಮುಗಿಯುವುದು ಮಾರ್ಚ್ ಹದಿನಾರಕ್ಕೆ. ನೂರರ ಊಟ ಇಪ್ಪತ್ತೆರಡರ ಸಂಜೆ. ಇವರ ನೂರು ಒಂದು ವಾರ ಮೊದಲೇ ಬರಬಾರದಿತ್ತೇ, ಯಾವತ್ತೂ ಎಲ್ಲದಕ್ಕೂ ತಡ.

ಇರುವ ಅವಧಿ ಹೆಚ್ಚಿಸಲು ಪಟ್ಟಣದ ಕಚೇರಿಗೆ ಹೋಗಬೇಕಂತೆ. ಸುಮಿ ಒಬ್ಬಳೇ ಹೋಗಿ ವಿಚಾರಿಸಿಕೊಂಡು ಬಂದಳು. ಪಾಸ್‌ಪೋರ್ಟ್, ಫೋಟೋ, ಮುಂದೂಡಿದ ಟಿಕೆಟ್, ಮನೆಯಲ್ಲಿ ಉಳಿಸಿಕೊಂಡವರು ಜೊತೆಗೆ ಬರಬೇಕು. "ಕಾರ್ಡ್ ಮುಗಿಯೋ ಮೊದ್ಲು ಬನ್ನಿ, ಅಷ್ಟೇ" ಅಂದರಂತೆ. ಆದರೆ ಟಿಕೆಟ್ ಮುಂದೂಡಬೇಕಾದರೆ ಅವಳಿಗೆ ರಜೆ ಸಿಗಬೇಕು. ಅಲ್ಲಿ ವೃದ್ಧಾಶ್ರಮದಲ್ಲಿ ಕೆಲಸ. ಮುದುಕರನ್ನು ಬಿಟ್ಟು ಬಂದು ಎರಡು ತಿಂಗಳಾಯಿತು, ಇನ್ನೂ ಬಿಡಿ ಎಂದರೆ ಯಾರು ಬಿಡುತ್ತಾರೆ. ಕೇಳಿ ಬರೆದಿದ್ದಾಳೆ.

ಮೊದಲು ನಲವತ್ತಕ್ಕೇ ಹೊರಡುತ್ತೇನೆ ಎಂದವಳು. ನಾನು ಇರು ಎನ್ನಲಿಲ್ಲ. ಅವಳೇ ಇದ್ದಾಳೆ.

ಮಾರ್ಚ್ 11, ಮಂಗಳವಾರ – ಪಾಹಿಂಗ್

ರಜೆ ಸಿಕ್ಕಿತು! ನಾಳೆ ಟಿಕೆಟ್.

ಮಾರ್ಚ್ 12, ಬುಧವಾರ – ಪೊನ್

ಟಿಕೆಟ್ ಇಪ್ಪತ್ತೈದಕ್ಕೆ ಮುಂದೆ ಹೋಯಿತು. ಅದು ಆಗುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು, ಕಚೇರಿಯ ಕಿಟಕಿ ಮಧ್ಯಾಹ್ನದವರೆಗೆ ಮಾತ್ರ.

"ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಹೋಗೋಣ ಚಿಕ್ಕಮ್ಮ."

ಗೋಡೆಯ ಕ್ಯಾಲೆಂಡರ್ ನೋಡಿದೆ. ದೊಡ್ಡ ಅಂಕಿ ನನ್ನ ಕಣ್ಣಿಗೆ ಬೀಳುವುದೇ ಇಲ್ಲ, ಅದರ ಕೆಳಗಿನ ಸಣ್ಣ ಅಕ್ಷರ, ನಮ್ಮ ಐದು ದಿನದ ವಾರ, ಅದೇ ಮೊದಲು ಕಾಣುವುದು. ಗುರುವಾರ, ವಾಗೆ; ಈ ಜೋಡಿ ಮೂವತ್ತೈದು ದಿನಕ್ಕೊಮ್ಮೆ ಬರುತ್ತದೆ.

"ನಾಳೆ ಬೇಡ."

"ಯಾಕೆ?"

"ಅಕ್ಕ ಹೋದ ದಿನ ಅದು. ಗುರುವಾರ ವಾಗೆ. ಹೆತ್ತವರು ಹೋದ ದಿನ ಮಕ್ಕಳು ಹೊಸದೇನೂ ಶುರುಮಾಡ್ಬಾರ್ದು. ಕೈಗೂಡಲ್ಲ."

ಸುಮಿ ಮೆಲ್ಲಗೆ ಅಂದಳು, "ಹೆತ್ತವರು ಹೋದ ದಿನ ಅಲ್ವಾ? ನನ್ನ ಹೆತ್ತೋರು ಇಲ್ಲೇ ಕೂತ್ಕೊಂಡು ಮೆಣಸಿನಕಾಯಿ ಅರೀತಾ ಇದ್ದಾರಲ್ಲ."

ಕೈ ನಿಂತುಹೋಯಿತು. ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಏನು ಹೇಳುತ್ತಿದ್ದೆನೋ. ಇಷ್ಟು ವರ್ಷ ಕಾದದ್ದು ಬಾಗಿಲಿಗೆ ಬಂದು ನಿಂತಿತ್ತು, ನಾನು ಪದ್ಧತಿ ಹಿಡಿದು ಕೂತೆ.

"ಸಾಕಿದೋಳು ಅವಳು. ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತೋಳು ಅವಳು. ಆ ದಿನ ಅವಳದ್ದೇ."

"ಆಯ್ತು ಬಿಡಿ. ಶುಕ್ರವಾರ ಹೋಗೋಣ. ಹದಿನಾರಕ್ಕೆ ಇನ್ನೂ ಟೈಮ್ ಇದೆ."

ಸರಿಯಾಗಿಯೇ ಹೇಳಿದೆ. ಅಕ್ಕನ ಋಣ ಇದೆ, ಅವಳಿಗೆ ಸಲ್ಲಬೇಕಾದ್ದನ್ನು ಕಿತ್ತುಕೊಳ್ಳಲಾರೆ. ಸರಿಯಾಗಿಯೇ ಹೇಳಿದೆ.

ಮಾರ್ಚ್ 14, ಶುಕ್ರವಾರ – ಕ್ಲಿವೊನ್

ಬಸ್ಸು ಖಾಲಿ. ಒಳ್ಳೇದೇ ಆಯಿತು, ಕೂರಲು ಜಾಗ ಎಂದುಕೊಂಡೆ. ಸೇತುವೆ ದಾಟಿ ಪಟ್ಟಣಕ್ಕೆ ಬಂದರೂ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಆಗಲೂ ತಲೆಗೆ ಹೊಳೆಯಲಿಲ್ಲ. ಕಚೇರಿಯ ಗೇಟಿಗೆ ಬೀಗ. ಕಾವಲುಗಾರನ ಕೆನ್ನೆ ಹಸಿರು, ಕಿವಿ ಗುಲಾಬಿ.

"ಇವತ್ತು ಯಾರೂ ಇರಲ್ಲ ಅಜ್ಜಿ. ಹೋಳಿ. ಸೋಮವಾರ ಬನ್ನಿ."

ಹೋಳಿ. ದೇಶಕ್ಕೆಲ್ಲ ರಜೆ. ಪ್ರತಿ ವರ್ಷ ದುಲಾರಿ ನನ್ನ ಮುಖಕ್ಕೇ ಬಣ್ಣ ಬಳಿಯುತ್ತಾಳೆ. ನಿನ್ನೆ ರಾತ್ರಿ ಬೀದಿ ತುದಿಯಲ್ಲಿ ಅವರ ಜನ ಹಾಕಿದ ಬೆಂಕಿ ಉರಿಯುವುದನ್ನು ಕಣ್ಣಾರೆ ಕಂಡೆ. ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಕಸ!

ಸುಮಿಗೆ ಗೊತ್ತಾಗುವುದಾದರೂ ಹೇಗೆ, ಅವಳು ಅಲ್ಲಿ ಬೆಳೆದವಳು. ಗೊತ್ತಿರಬೇಕಾದವಳು ನಾನು. ಕ್ಯಾಲೆಂಡರ್‌ನಲ್ಲಿ ಸಣ್ಣ ಅಕ್ಷರ ಓದಿದೆ. ಮೇಲಿನ ಅಂಕಿ ಕೆಂಪಗಿತ್ತು.

ವಾಪಸು ಬಸ್ಸಿನಿಂದ ಇಳಿಯುವಾಗ ಸುಮಿ ನನ್ನ ತೋಳು ಹಿಡಿದುಕೊಂಡಳು. ಮನೆ ಹತ್ತಿರ ದುಲಾರಿ ಬಣ್ಣದ ಪುಡಿ ಹಿಡಿದು ಕಾದಿದ್ದಳು. ಸಂಗತಿ ಕೇಳಿ ಪುಡಿಯನ್ನು ಸೆರಗಿಗೆ ಕಟ್ಟಿಕೊಂಡಳು.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನೇ? ಕಣ್ಣು ಎಲ್ಲಿಟ್ಟಿದ್ದೆ?"

ಎಲ್ಲಿಟ್ಟಿದ್ದೆನೋ.

ಮಾರ್ಚ್ 17, ಸೋಮವಾರ – ಪೊನ್

ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ಕಿಟಕಿಯಲ್ಲಿ ಒಬ್ಬ ಹೆಂಗಸು, ನನ್ನ ಸುಮಿಯಷ್ಟೇ ವಯಸ್ಸು. ಒರಟಳಲ್ಲ. ಒರಟಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಪಾಸ್‌ಪೋರ್ಟ್ ತಿರುವಿದಳು, ಟಿಕೆಟ್ ನೋಡಿದಳು, ಮತ್ತೆ ಪಾಸ್‌ಪೋರ್ಟ್.

"ನಿನ್ನೆಗೇ ಮುಗ್ದುಹೋಗಿದೆಯಲ್ಲ ಮೇಡಂ. ಮುಗಿದದ್ದನ್ನ ಮುಂದುವರಿಸೋಕೆ ಬರಲ್ಲ."

"ಶುಕ್ರವಾರ ಬಂದಿದ್ವಿ" ಅಂದಳು ಸುಮಿ. "ಬೀಗ ಹಾಕಿತ್ತು."

"ಹೋಳಿ ಇತ್ತು, ನಿಜ. ಗುರುವಾರ ಯಾಕೆ ಬರ್ಲಿಲ್ಲ?"

ಹೇಳಲು ಬಾಯಿ ತೆರೆದೆ. ಸುಮಿ ನನ್ನ ಕೈ ಒತ್ತಿದಳು.

"ಮನೇಲಿ ಕೆಲಸ ಇತ್ತು."

ದಂಡ ಕಟ್ಟಿ ಶುಕ್ರವಾರದೊಳಗೆ ಹೊರಡಬೇಕಂತೆ. ಹೊರಟರೆ ಮುಂದೆ ಬರುವುದಕ್ಕೆ ಅಡ್ಡಿ ಇಲ್ಲ. ನಾನು ಕಿಟಕಿಗೆ ಮುಖ ತಂದು ಹೇಳಿದೆ, ಶನಿವಾರ ಸಂಜೆ ನೂರರ ಊಟ, ಅದೊಂದು ಮುಗಿಯಲಿ, ಭಾನುವಾರ ನಾನೇ ವಿಮಾನ ಹತ್ತಿಸುತ್ತೇನೆ. ಆ ಹೆಂಗಸು ಎದ್ದು ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. ಆಗಲ್ಲ ಎಂದು ತಲೆ ಆಡಿಸಿದಳು. ಆಮೇಲೆ ಸುಮಿಯ ಕಡೆ ತಿರುಗಿ, "ಇವರು ನಿಮಗೇನಾಗ್ಬೇಕು?"

"ನಮ್ಮಮ್ಮ."

"ನೀವು ತುಂಬಿದ ಅರ್ಜೀಲಿ ತಾಯಿ ಹೆಸರು ಬೇರೆ ಇದೆಯಲ್ಲ?"

"ಕಾಗದದಲ್ಲಿ ಅವರು. ಇವರು ನಮ್ಮಮ್ಮ."

ಅಷ್ಟು ಜನರ ಮುಂದೆ ಹೇಳಿದಳು. ಎಷ್ಟು ಸಲೀಸಾಗಿ ಹೇಳಿದಳು. ನಾನು ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತೆ. ಒಂದೇ ನಿಮಿಷದಲ್ಲಿ ಮಗಳು ಸಿಕ್ಕಿದ್ದೂ ಅಲ್ಲೇ, ಹೋಗಿದ್ದೂ ಅಲ್ಲೇ.

ಸಂಜೆ

ಟಿಕೆಟ್ ಮತ್ತೆ ಬದಲಾಯಿತು. ನಾಡಿದ್ದು ಬುಧವಾರ, ಅದು ಬಿಟ್ಟರೆ ಜಾಗವಿದ್ದದ್ದು ಭಾನುವಾರಕ್ಕೇ. ನಾಚಿಕೆ ಬಿಟ್ಟು ಅಂದೆ, "ಇದ್ದುಬಿಡೇ. ಈ ಹಳ್ಳೀಲಿ ಯಾರು ಬಂದು ಹುಡುಕ್ತಾರೆ?"

"ಆಮೇಲೆ ಒಳಗೇ ಬಿಡದೆ ಹೋದ್ರೆ? ಇದೊಂದು ಊಟಕ್ಕೆ ಇದ್ದು, ನಿಮ್ಮನ್ನ ಮತ್ತೆ ನೋಡೋಕೇ ಆಗದೆ ಹೋದ್ರೆ?"

ಬುದ್ಧಿವಂತೆ. ಅಪ್ಪನ ಹಾಗೆ. ನನಗೆ ಆ ಬುದ್ಧಿ ಇಲ್ಲ, ನನಗೆ ಅವಳು ಬೇಕು.

ಮಾರ್ಚ್ 18, ಮಂಗಳವಾರ – ವಾಗೆ

ಪಾ ಕಸಾನ್ ಮನೆಗೆ ಹೋದೆ. ಇಂದೇ ಸಂಜೆ, ರಂಜಾನಿನ ಉಪವಾಸ ಬಿಟ್ಟ ಮೇಲೆ, ನೂರರ ಊಟ ಮಾಡಿಬಿಡೋಣವೇ ಎಂದು ಕೇಳಿದೆ. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ವಗಿಮಿನ್ ಏನು ಟ್ಯಾಕ್ಸಿಯವನೇನಮ್ಮ, ಸ್ವಲ್ಪ ಬೇಗ ಬಾ ಅಂತ ಫೋನ್ ಮಾಡೋಕೆ? ದಿನ ಸರಿಸೋ ಹಾಗಿಲ್ಲ."

ಅಲ್ಲೇ ಕೂತು ಅತ್ತೆ. ಮುದುಕರಿಗೆ ಕನಿಕರ ಬಂತು.

"ಅಳ್ಬೇಡ. ಹುಡುಗಿ ಅಲ್ಲಿದ್ರೇನು, ಹೆಸರು ಹೇಳೋಕೆ ತೊಂದ್ರೆ ಇಲ್ಲ. ಫೋನ್ ಹಚ್ಚಿಡು, ಅಲ್ಲಿಂದಲೇ ಕೇಳಿಸ್ಕೊಳ್ಳಲಿ. ಆದ್ರೆ ನಾನಾಗೇ ಹೇಳೋ ಹಾಗಿಲ್ಲ. ಎಲ್ಲರ ಮುಂದೆ ನಾನು ಕೇಳ್ಬೇಕು, ನೀನು ಹೇಳ್ಬೇಕು. ನೀನು ಏನು ಹೇಳ್ತೀಯೋ ಅದನ್ನೇ ನಾನು ಸಾರೋದು."

ಸುಮಿಗೆ ಹೇಳಿದೆ. "ಆಗ ಅಲ್ಲಿ ರಾತ್ರಿ ಹನ್ನೊಂದು. ಎದ್ದೇ ಇರ್ತೀನಿ" ಅಂದಳು. ಪೂರ್ತಿ ಕೈತಪ್ಪಿಲ್ಲ. ಒಂದು ಮಾತು ತಾನೆ, ಹೇಳಿದರಾಯಿತು.

ಮಾರ್ಚ್ 19, ಬುಧವಾರ – ಕ್ಲಿವೊನ್

ವಿಮಾನ ನಿಲ್ದಾಣಕ್ಕೆ ದುಲಾರಿಯ ಮಗ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಸುಮಿಯ ಕೈ ನನ್ನ ಮಡಿಲಲ್ಲಿತ್ತು. ಬೆರಳ ತುದಿಯಲ್ಲಿ ಎಣ್ಣೆ ಸಿಡಿದ ಕಲೆಗಳು. ಮೂರು ತಿಂಗಳಲ್ಲಿ ನಾನು ಅವಳಿಗೆ ಕೊಟ್ಟ ಒಡವೆ ಇವೇ.

ಗಾಜಿನ ಬಾಗಿಲ ಹತ್ತಿರ ತಬ್ಬಿಕೊಂಡಳು. ಕಿವಿಯ ಹತ್ತಿರ ಬಾಯಿ ತಂದು –

"ಬರ್ತೀನಿ ಅಮ್ಮ. ಮಾತ್ರೆ ಮರೀಬೇಡ. ಹುಷಾರಾಗಿರು."

ಮರೀಬೇಡ. ಇರು. ನೀವು ಅಲ್ಲ.

ಹೋದ ಮೇಲೂ ನಿಂತೇ ಇದ್ದೆ. ದುಲಾರಿಯ ಮಗ ಎರಡು ಸಲ ಕರೆದನಂತೆ.

ಮಾರ್ಚ್ 20, ಗುರುವಾರ

ತಲುಪಿದಳು.

ಮಾರ್ಚ್ 23, ಭಾನುವಾರ – ವಾಗೆ

ನಿನ್ನೆ ಸಂಜೆಯದನ್ನು ಬರೆಯಬೇಕು. ಬರೆಯಲು ಮನಸ್ಸಿಲ್ಲ.

ಎಲ್ಲ ಸರಿಯಾಗಿಯೇ ಆಗಿತ್ತು. ಅನ್ನ ಉದುರಾಗಿತ್ತು, ಕೋಳಿ ಮೆತ್ತಗಿತ್ತು. ನಮಾಜ್ ಮುಗಿಸಿ ಗಂಡಸರು ಬಂದು ಕೂತರು. ಸುಮಿಯ ಫೋನ್ ಬಂತು, ನೀರಿನ ಹೂಜಿಗೆ ಒರಗಿಸಿ ಇಟ್ಟೆ. ಅವಳು ಅಲ್ಲಿ ತಲೆಯ ಮೇಲೆ ಬಟ್ಟೆ ಹೊದ್ದು ಕೂತಿದ್ದಳು, ಕಣ್ಣು ದೊಡ್ಡದು ಮಾಡಿಕೊಂಡು, ಶಾಲೆಯ ಮೊದಲ ದಿನದ ಮಗುವಿನ ಹಾಗೆ.

ಪಾ ಕಸಾನ್ ಕೇಳಿದರು. "ಇವತ್ತಿನ ಊಟ ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲಿ. ಮತ್ತೆ ಸುಮಿಯಾತಿ ಹೆಸರಲ್ಲಿ."

ದನಿ ಗಟ್ಟಿಯಾಗಿಯೇ ಬಂತು. ಅವರು ನನ್ನನ್ನು ನೋಡಿ ಸಣ್ಣಗೆ ನಕ್ಕರು. ಮುಂದಿನದನ್ನು ಕೇಳಲೇಬೇಕು, ಕೇಳಿದರು.

"ಸುಮಿಯಾತಿ ಯಾರ ಮಗಳು?"

"ನಮ್ಮಕ್ಕ ಸರಿನೆಮ್ ಮಗಳು."

ಬಂದುಬಿಟ್ಟಿತು. ಯೋಚನೆ ಇಲ್ಲ, ಏನಿಲ್ಲ. ಸಂತೆಯಲ್ಲಿ, ಮಸೀದಿಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೆಲ್ಲಿ ಯಾರು ಕೇಳಿದ್ದರೂ ಇಷ್ಟು ವರ್ಷ ಹೇಳಿದ್ದು ಅದೇ. ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ.

ಪಾ ಕಸಾನ್ ಕಾದರು. ಪುಣ್ಯಾತ್ಮರು, ಸುಮ್ಮನೆ ಕೆಮ್ಮಿದರು, ಚಾಪೆ ಸರಿಮಾಡಿಕೊಂಡರು, ಮತ್ತೆ ನನ್ನ ಕಡೆ ನೋಡಿದರು. ಅಷ್ಟು ಹೊತ್ತು ಕೊಟ್ಟರು. ಅಲ್ಲ, ತಪ್ಪಾಯಿತು, ನನ್ನ ಮಗಳು ಎನ್ನಬೇಕಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಅಷ್ಟು ಗಂಡಸರು ತಲೆ ಬಗ್ಗಿಸಿ ಕೈ ಎತ್ತಿ ಕಾದಿದ್ದರು. ಕೊನೆಗೆ ಅವರು ನಾನು ಹೇಳಿದ್ದನ್ನೇ ಸಾರಿದರು. ಹೆಂಡತಿ ಪೊನಿರಾ, ಮತ್ತು ಅವಳ ಅಕ್ಕ ಸರಿನೆಮ್‌ಳ ಮಗಳು ಸುಮಿಯಾತಿ.

ಫೋನ್ ಕಡೆ ನೋಡಿದೆ. ಸುಮಿ ತಲೆ ತಗ್ಗಿಸಿದ್ದಳು. ಎಲ್ಲರ ಜೊತೆ ಆಮೀನ್ ಅಂದಳು. ಅದು ಕೇಳಿಸಿತು. ನಾನು ಎಲೆ ಹಾಕಿ ತಿರುಗಿ ಬರುವಷ್ಟರಲ್ಲಿ ಫೋನ್ ಕಪ್ಪಾಗಿತ್ತು.

ಮಾರ್ಚ್ 26, ಬುಧವಾರ – ಪಾಹಿಂಗ್

ಅಂಗಡಿ ತೆರೆದೆ. ಮರಗೆಣಸು ಮಾಡಲಿಲ್ಲ, ಸಾರು ಮಾತ್ರ.

ಮಧ್ಯಾಹ್ನ ಸುಮಿ ಫೋನ್ ಮಾಡಿದಳು. ನಾನೇ ಮಾಡಬೇಕೆಂದು ಮೂರು ದಿನದಿಂದ ಕೈಗೆತ್ತಿಕೊಳ್ಳುವುದು, ಇಡುವುದು. ಅನ್ನ ಎಲ್ಲರಿಗೂ ಸಾಕಾಯಿತೇ, ಪಾ ಕಸಾನರ ಕೆಮ್ಮು ಹೇಗಿದೆ, ದುಲಾರಿ ಏನನ್ನುತ್ತಾಳೆ, ಎಲ್ಲ ಕೇಳಿದಳು. ಅಲ್ಲಿ ಇನ್ನೂ ಚಳಿಯಂತೆ. ಮುದುಕರೆಲ್ಲ ಅವಳನ್ನು ನೋಡಿ ಸಂತೋಷಪಟ್ಟರಂತೆ. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಅವಳು ಬೈಯುತ್ತಿದ್ದಳು, ನಾನು ಅಳುತ್ತಿದ್ದೆ, ಮುಗಿಯುತ್ತಿತ್ತು. ಆ ಸಂಜೆಯ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇಡುವಾಗ ಅಂದಳು –

"ಮಾತ್ರೆ ಮರೀಬೇಡಿ. ಹುಷಾರಾಗಿರಿ, ಚಿಕ್ಕಮ್ಮ."

ಹ್ಞೂಂ ಅಂದೆ.

ಆಮೇಲೆ ಒಲೆಯ ಮುಂದೆ ಒಬ್ಬಳೇ ನಿಂತು ಜೋರಾಗಿ ಹೇಳಿ ನೋಡಿದೆ. ಸುಮಿಯಾತಿ, ನನ್ನ ಮಗಳು. ಸಲೀಸಾಗಿ ಬಂತು. ಇನ್ನೊಂದು ಸಲ ಹೇಳಿದೆ, ಮತ್ತೂ ಸಲೀಸಾಗಿ. ಇಷ್ಟೇ ಇತ್ತು ಹೇಳಬೇಕಾದ್ದು. ಆ ಸಂಜೆ ಇಷ್ಟನ್ನು ನಾನು –